ಬ್ರೇಕ್ ಡಿಸ್ಕ್‌ಗೆ ಗ್ರೀಸ್ ಸವರಬೇಡಿ

"ಮನೆಯಲ್ಲೇ ಹೊಸ ಬ್ರೇಕ್ ಪ್ಯಾಡ್ ಹಾಕಿದ ಮೇಲೆ ಕಿರುಗುಟ್ಟಿದರೆ ಡಿಸ್ಕ್‌ಗೆ ಸ್ವಲ್ಪ ಗ್ರೀಸ್ ಸವರಿ" ಎಂಬ ಮೆಸೇಜ್ ಬೆಂಗಳೂರಿನ ಅಪಾರ್ಟ್‌ಮೆಂಟ್ ಗ್ರೂಪ್‌ಗಳಲ್ಲಿ ಓಡಾಡುತ್ತಿದೆ. ಇದು ತಪ್ಪು, ತುಂಬಾ ಅಪಾಯ ಕೂಡ.

ಪ್ಯಾಡು ಚಕ್ರದ ಜೊತೆ ತಿರುಗುವ ಡಿಸ್ಕನ್ನು ಒತ್ತಿ ಉಜ್ಜುವುದರಿಂದಲೇ ಗಾಡಿ ನಿಲ್ಲುವುದು, ಅಲ್ವಾ? ಅಲ್ಲಿ ಜಿಡ್ಡು ಸೇರಿದರೆ ಬ್ರೇಕ್ ಹಿಡಿಯುವುದಿಲ್ಲ. ಹೆಬ್ಬಾಳದ ಫ್ಲೈಓವರ್ ಇಳಿಯುವಾಗ ಹಾಗಾದರೆ ಏನು ಗತಿ? ಜಿಡ್ಡು ಹೀರಿದ ಪ್ಯಾಡನ್ನು ಒರೆಸಿ ಪ್ರಯೋಜನವಿಲ್ಲ, ಬದಲಿಸಲೇಬೇಕು.

ಗ್ರೀಸ್ ಹೋಗಬೇಕಾದದ್ದು ಕ್ಯಾಲಿಪರ್‌ನ (ಪ್ಯಾಡನ್ನು ಡಿಸ್ಕ್‌ಗೆ ಒತ್ತುವ ಭಾಗ) ಸ್ಲೈಡ್ ಪಿನ್‌ಗೆ, ಅಂದರೆ ಕ್ಯಾಲಿಪರ್ ಜಾರಿ ಸರಿಯುವ ಪಿನ್‌ಗೆ. ಅದೂ ಬ್ರೇಕ್‌ಗೆಂದೇ ಸಿಗುವ, ಬಿಸಿ ತಾಳುವ ಗ್ರೀಸ್. ಹೊಸ ಡಿಸ್ಕ್ ಮೇಲೆ ತುಕ್ಕು ತಡೆಯುವ ಎಣ್ಣೆ ಇದ್ದರೆ ಅದನ್ನೂ ಬ್ರೇಕ್ ಕ್ಲೀನರ್‌ನಿಂದ ಒರೆಸಿ. ಗಾಡಿ ತೆಗೆಯುವ ಮುಂಚೆ ಬ್ರೇಕ್ ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ ಒತ್ತಿ ಬಿಡಿ.

ಆ ಮೆಸೇಜನ್ನು ದಯವಿಟ್ಟು ಯಾರಿಗೂ ಕಳಿಸಬೇಡಿ.