'ಕಮ್ಯುನಿಕೇಶನ್ ವೀಕು' ಅನ್ನುವ ನಮ್ಮೂರ ಹುಡುಗರಿಗೆ

ಸಿರಸಿ, ಯಲ್ಲಾಪುರ, ಕುಮಟಾ ಕಡೆಯ ಹುಡುಗರು ಇಂಜಿನಿಯರಿಂಗ್ ಕೊನೇ ವರ್ಷಕ್ಕೆ ಬಂದ ಕೂಡಲೇ ಸ್ಪೋಕನ್ ಇಂಗ್ಲಿಷ್ ಕ್ಲಾಸ್ ಹುಡುಕ್ತಾರೆ. 'ಅಣ್ಣಾ, ಕೋಡಿಂಗ್ ಅಡ್ಡಿಲ್ಲೆ, ಕಮ್ಯುನಿಕೇಶನ್ ವೀಕು' ಅಂತ ನನಗೂ ಮೆಸೇಜ್ ಬರ್ತವೆ. ಇಂಟರ್‌ವ್ಯೂ ದಾಟೋಕೆ ಮಾತು ಬೇಕು, ಬೇಡ ಅನ್ನೋದಿಲ್ಲ. ಆದ್ರೆ ಕೆಲಸಕ್ಕೆ ಸೇರಿದ ಮೇಲೆ ದಿನದ ಅರ್ಧ ಹೋಗೋದು ಬರೆಯೋದ್ರಲ್ಲಿ. ಬಗ್ ರಿಪೋರ್ಟು (ಸಾಫ್ಟ್‌ವೇರಲ್ಲಿ ಏನು ತಪ್ಪಾಗ್ತಿದೆ ಅನ್ನೋ ವರದಿ), ಕಮಿಟ್ ಮೆಸೇಜು (ಕೋಡ್ ಬದಲಿಸಿದಾಗ ಜೊತೆಗೆ ಬರೆಯೋ ಟಿಪ್ಪಣಿ), ಡಿಸೈನ್ ಡಾಕ್ಯುಮೆಂಟು, ಟೀಮಿನ ಚಾಟ್ ಆ್ಯಪ್ ಸ್ಲ್ಯಾಕಲ್ಲಿ ಉತ್ತರ. ಇದಕ್ಕೆ ಯಾರೂ ಕ್ಲಾಸ್ ಹುಡುಕಿದ್ದು ನಾ ಕಂಡಿಲ್ಲ.

ಊರಲ್ಲೇ ಕೂತು ಕೆಲಸ ಮಾಡೋರಿಗಂತೂ ಬರವಣಿಗೆ ಇಲ್ಲದೆ ಗತಿಯಿಲ್ಲ. 2020ರ ಲಾಕ್‌ಡೌನಲ್ಲಿ ತೋಟದ ಮನೆಗೆ ಬಂದವರಲ್ಲಿ ಕೆಲವರು ಇಲ್ಲೇ ಉಳಿದರು. ಆಷಾಢದ ಮಳೇಲಿ ಲೈನ್ ಮೇಲೊಂದು ಮರ ಬಿದ್ರೆ ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ಆವತ್ತು ಟೀಮಿನ ಕೈಲಿ ಇರೋದು ನೀವು ಹಿಂದಿನ ದಿನ ಬರೆದಿಟ್ಟದ್ದಷ್ಟೇ.

ಟಿಕೆಟ್, ಅಂದ್ರೆ ಸಮಸ್ಯೆ ಸರಿಮಾಡಿ ಅನ್ನೋ ದೂರು, ಹಾಕ್ತಾರೆ: 'ಪೇಮೆಂಟ್ ಆಗ್ತಿಲ್ಲ, ಅರ್ಜೆಂಟ್.' ಯಾರಿಗೆ ಆಗ್ತಿಲ್ಲ? ಎಲ್ಲರಿಗೂವಾ, ಐಫೋನ್ ಇದ್ದವರಿಗಾ? ದುಡ್ಡು ಕಟ್ ಆಗಿ ಆರ್ಡರ್ ಬರ್ಲಿಲ್ವಾ, ದುಡ್ಡೇ ಕಟ್ ಆಗ್ಲಿಲ್ವಾ? ಎರಡಕ್ಕೂ ಹುಡುಕಬೇಕಾದ ಜಾಗ ಬೇರೆ. ಏನು ಮಾಡಿದೆ, ಏನಾಗಬೇಕಿತ್ತು, ಏನಾಯ್ತು, ಎರರ್ ಏನು ಬಂತು ಅಂತ ನಾಲ್ಕು ಸಾಲು ಸಾಕು. ಅದಿಲ್ಲದಿದ್ರೆ ಟೀಮಿನಲ್ಲಿ ಅಮೆರಿಕದಲ್ಲಿ ಕೂತವರು ಓದಿ ವಾಪಸ್ ಪ್ರಶ್ನೆ ಕೇಳೋ ಹೊತ್ತಿಗೆ ನಾವು ಮಲಗಿರ್ತೇವೆ, ಒಂದು ದಿನ ಅಲ್ಲಿಗೇ ಹೋಯ್ತು. ಹಾಂ, 05/06 ಅಂತ ತಾರೀಕು ಹಾಕ್ಬೇಡಿ. ನಾವು ಜೂನ್ 5 ಅಂತ ಓದ್ತೇವೆ, ಅವರು ಮೇ 6 ಅಂತ. ತಿಂಗಳ ಹೆಸರು ಬರೀರಿ ಮಾರಾಯ್ರೇ.

ಕಮಿಟ್ ಮೆಸೇಜಿನ ಕಥೆ ಇನ್ನೂ ಚಂದ. 'ಚೇಂಜಸ್', 'ಫಿಕ್ಸ್', 'ಫೈನಲ್ ಫಿಕ್ಸ್'. ಏನು ಬದಲಾಯ್ತು ಅಂತ ಕೋಡ್ ನೋಡಿದ್ರೆ ಗೊತ್ತಾಗುತ್ತೆ, ಯಾಕೆ ಬದಲಾಯ್ತು ಅಂತ ಬರೆದವರೇ ಹೇಳ್ಬೇಕು. ಕೋಡಿನ ಬದಲಾವಣೆಗಳ ಲೆಕ್ಕ ಇಡೋ ಗಿಟ್ ಅನ್ನೋ ಸಾಧನವನ್ನ ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಶುರು ಮಾಡಿದ್ದು ಲಿನಕ್ಸ್ ಕರ್ನಲ್ (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಕೆಲಸಕ್ಕಾಗಿ. ಆ ಕರ್ನಲ್‌ಗೆ ಪ್ಯಾಚ್‌ಗಳು, ಅಂದ್ರೆ ಕೋಡಿನ ತಿದ್ದುಪಡಿಗಳು, ಈಗಲೂ ಹೆಚ್ಚಾಗಿ ಇಮೇಲಲ್ಲೇ ಹೋಗ್ತವೆ. ಸಮಸ್ಯೆ ಏನು, ಅದು ಸರಿಮಾಡೋಕೆ ಯೋಗ್ಯವಾದದ್ದು ಯಾಕೆ ಅಂತ ಮೊದಲು ಓದೋರಿಗೆ ಮನವರಿಕೆ ಮಾಡ್ಬೇಕು ಅಂತ ಅಲ್ಲಿನ ಮಾರ್ಗಸೂಚೀಲೇ ಇದೆ. ಒಬ್ಬರ ಮುಖ ಒಬ್ಬರು ಕಾಣದ ಸಾವಿರಾರು ಜನ ಹೀಗೇ ಬರೆದು ಬರೆದು ಕೆಲಸ ಸಾಗಿಸ್ತಿದ್ದಾರೆ.

'ಈಗ ಎಐ ಬರೆದು ಕೊಡುತ್ತಲ್ಲ' ಅಂತೀರಿ. ಕೊಡುತ್ತೆ, ಒಂದು ಸಾಲಿನ ವಿಷಯಕ್ಕೆ ಒಂದು ಪುಟ! ನಿಮ್ಮ ಸರ್ವರಲ್ಲಿ ನಿನ್ನೆ ಏನಾಯ್ತು ಅಂತ ಅದಕ್ಕೆ ತಿಳಿಸೋಕೂ ನೀವೇ ಸರಿಯಾಗಿ ಬರೀಬೇಕು.

ಕನ್ನಡ ಮೀಡಿಯಂನವರು ಹೆದರೋದು ಯಾಕೋ ನಂಗೆ ಅರ್ಥ ಆಗೋದಿಲ್ಲ. ಗಣಿತದ ಒಲವನ್ನ ಬಿಟ್ರೆ ಪ್ರೋಗ್ರಾಮರಿಗೆ ಎಲ್ಲಕ್ಕಿಂತ ಮುಖ್ಯ ತನ್ನ ತಾಯ್ನುಡಿ ಮೇಲಿನ ಹಿಡಿತ ಅಂತ ಹೆಸರಾಂತ ಕಂಪ್ಯೂಟರ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ 1975ರಲ್ಲೇ ಬರೆದಿದ್ದರು. ಅವರು ಡಚ್ಚರು, ಇಂಗ್ಲಿಷ್ ಅವರ ತಾಯ್ನುಡಿಯೂ ಅಲ್ಲ. ಹಾಗಾಗಿ ನಡೆದದ್ದನ್ನ ಮೊದಲು ಕನ್ನಡದಲ್ಲೇ ಬರೀರಿ, ಮನೇಲಿ ಆಯಿಗೆ ಹೇಳೋ ಹಾಗೆ. ಯಾವುದು ಮುಂದೆ, ಯಾವುದು ಹಿಂದೆ ಅಂತ ಸರಿಬಂದ ಮೇಲೆ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಕ್ಕೆ ತನ್ನಿ. ಗ್ರಾಮರ್ ತಪ್ಪಿದೆ ಅಂತ ಟಿಕೆಟ್ ವಾಪಸ್ ಕಳಿಸಿದವರನ್ನ ನಾನಂತೂ ಕಂಡಿಲ್ಲ. ಬೇಕಾದ್ರೆ ಬರೆದದ್ದನ್ನ ಇನ್‌ಬಾಕ್ಸಿಗೆ ಹಾಕಿ, ಭಾನುವಾರ ಕೂತು ನೋಡ್ತೇನೆ.