ಬ್ಯಾಟರಿ ಮಾಡೋಕೆ ಎಷ್ಟು ಯೂನಿಟ್ ಹೋಯ್ತು?

ಎಲೆಕ್ಟ್ರಿಕ್ ಗಾಡಿ ಕೊಳ್ಳುವಾಗ ಎಲ್ಲರೂ ಮೈಲೇಜ್ ಕೇಳುತ್ತಾರೆ, ವಾರಂಟಿ ಕೇಳುತ್ತಾರೆ. ಆ ಬ್ಯಾಟರಿ ತಯಾರಾಗಲು ಎಷ್ಟು ಯೂನಿಟ್ ಹೋಯ್ತು ಅಂತ ಯಾರೂ ಕೇಳುವುದಿಲ್ಲ. ಕೇಳಬೇಕು ಅನ್ನೋದೇ ನನ್ನ ಮಾತು.

ಒಂದು ಯೂನಿಟ್ ಹಿಡಿಸುವ ಲಿಥಿಯಂ ಸೆಲ್ ಮಾಡಲು ಕಾರ್ಖಾನೆಯಲ್ಲಿ ಕರೆಂಟ್, ಗ್ಯಾಸ್ ಎಲ್ಲಾ ಸೇರಿ ಸುಮಾರು 20ರಿಂದ 40 ಯೂನಿಟ್ ಶಕ್ತಿ ಬೇಕು. ಗಣಿಯ ಖರ್ಚು ಇದರಲ್ಲಿಲ್ಲ. 30 ಯೂನಿಟ್ ಬ್ಯಾಟರಿಯ ಕಾರಿಗೆ 600ರಿಂದ 1,200 ಆಯ್ತು. ಗೃಹಜ್ಯೋತಿಯಲ್ಲಿ ಒಂದು ಮನೆಗೆ ಉಚಿತ ಕರೆಂಟಿನ ತಿಂಗಳ ಮಿತಿಯೇ 200!

ಇದರಲ್ಲಿ ದೊಡ್ಡ ಪಾಲು ಒಣಗಿಸುವುದಕ್ಕೇ ಹೋಗುತ್ತದೆ. ಕ್ಯಾಥೋಡ್, ಅಂದರೆ ಸೆಲ್‌ನ ಪ್ಲಸ್ ಬದಿಯ ಪುಡಿಯನ್ನು ಎನ್‌ಎಂಪಿ ಎಂಬ ದ್ರಾವಕದಲ್ಲಿ ಕಲಸಿ, ತೆಳು ಅಲ್ಯೂಮಿನಿಯಂ ಹಾಳೆಗೆ ಬಳಿದು, ಹತ್ತಾರು ಮೀಟರ್ ಉದ್ದದ ಓವನ್ ಒಳಗೆ ಹಾಯಿಸುತ್ತಾರೆ. ಎನ್‌ಎಂಪಿ ಕುದಿಯುವುದು 202 ಡಿಗ್ರಿಗೆ. ಆರೋಗ್ಯಕ್ಕೆ ಕೆಟ್ಟದ್ದು, ಗಾಳಿಗೆ ಬಿಡುವಂತಿಲ್ಲ. ಆವಿಯನ್ನು ತಣಿಸಿ ಮತ್ತೆ ಹಿಡಿಯಬೇಕು. ಬಿಸಿ ಮಾಡಲೂ ಖರ್ಚು, ತಣಿಸಲೂ ಖರ್ಚು.

ಆಮೇಲೆ ಡ್ರೈ ರೂಮ್. ಸೆಲ್ ಒಳಗಿನ ಲಿಥಿಯಂ ಉಪ್ಪಿಗೆ ನೀರಿನ ಪಸೆ ತಾಗಿದರೆ ಹೈಡ್ರೋಫ್ಲೋರಿಕ್ ಆಸಿಡ್ ಹುಟ್ಟುತ್ತದೆ. ಅದಕ್ಕೇ ಅಲ್ಲಿನ ಗಾಳಿಯನ್ನು, ಮೈನಸ್ 40 ಡಿಗ್ರಿವರೆಗೆ ತಣಿಸಿದರೂ ತೇವ ಕಟ್ಟದಷ್ಟು ಒಣಗಿಸಿ ಇಡುತ್ತಾರೆ. ಒಳಗಿರುವವರ ಉಸಿರಿನ ತೇವವೂ ಲೆಕ್ಕಕ್ಕೆ ಬರುತ್ತದೆ. ತೇವ ಹೀರುವ ದೊಡ್ಡ ಚಕ್ರಗಳು ಹಗಲೂ ರಾತ್ರಿ ತಿರುಗುತ್ತವೆ, ಅವುಗಳನ್ನು ಬಿಸಿಗಾಳಿ ಊದಿ ಮತ್ತೆ ಒಣಗಿಸುತ್ತಲೇ ಇರಬೇಕು. ನಮ್ಮ ಮಳೆಗಾಲದಲ್ಲಿ ಇದು ಎಷ್ಟು ಕಷ್ಟ, ಯೋಚಿಸಿ.

ದಾರಿಗಳಿವೆ. ಆನೋಡ್‌ಗೆ, ಅಂದರೆ ಮೈನಸ್ ಬದಿಗೆ, ಈಗಾಗಲೇ ಎನ್‌ಎಂಪಿ ಬದಲು ನೀರನ್ನೇ ಬಳಸುತ್ತಾರೆ. ದ್ರಾವಕವಿಲ್ಲದೆ ಪುಡಿಯನ್ನೇ ಒತ್ತಿ ಹಾಳೆ ಮಾಡುವ ಡ್ರೈ ಕೋಟಿಂಗ್‌ಗಾಗಿ ಟೆಸ್ಲಾ 2019ರಲ್ಲಿ ಮ್ಯಾಕ್ಸ್‌ವೆಲ್ ಕಂಪನಿಯನ್ನೇ ಕೊಂಡಿತು. ಅದು ಸುಲಭದ ಕೆಲಸವಲ್ಲ, ವರ್ಷಗಟ್ಟಲೆ ಹಿಡಿಯಿತು. ಆದರೆ ಇಡೀ ಹಾಲ್ ಬದಲು ಯಂತ್ರದ ಸುತ್ತ ಮಾತ್ರ ಗೂಡು ಕಟ್ಟಿ ಅಲ್ಲಿನ ಗಾಳಿಯನ್ನಷ್ಟೇ ಒಣಗಿಸಲು, ಓವನ್‌ನಿಂದ ಹೊರಬೀಳುವ ಬಿಸಿಯನ್ನು ಮತ್ತೆ ಬಳಸಲು ಯಾವ ಹೊಸ ಸಂಶೋಧನೆಗೂ ಕಾಯಬೇಕಿಲ್ಲ. ಗುಜರಿಯನ್ನೂ ಕಡಿಮೆ ಮಾಡಬೇಕು. ಕೆಟ್ಟುಹೋದ ಪ್ರತಿ ಹಾಳೆಯ ಜೊತೆ ಅದನ್ನು ಒಣಗಿಸಿದ ಶಕ್ತಿಯೂ ಹೋಯ್ತು.

ಕೃಷ್ಣಗಿರಿಯಲ್ಲಿ, ದೇವನಹಳ್ಳಿ ಕಡೆಯಲ್ಲಿ ಸೆಲ್ ಕಾರ್ಖಾನೆಗಳು ಏಳುತ್ತಿವೆ. ಕೇಂದ್ರ ಸರ್ಕಾರ 2021ರಲ್ಲಿ ಸೆಲ್ ತಯಾರಿಕೆಗೆ 18,100 ಕೋಟಿ ರೂಪಾಯಿಯ ಪಿಎಲ್‌ಐ (ಉತ್ಪಾದನೆಗೆ ತಕ್ಕ ಪ್ರೋತ್ಸಾಹಧನ) ಯೋಜನೆ ತಂದಿತು. 5 ವರ್ಷದಲ್ಲಿ 60% ಮೌಲ್ಯ ಇಲ್ಲೇ ಸೇರಬೇಕು ಅನ್ನುವ ಷರತ್ತು ಹಾಕಿತು. ಒಳ್ಳೆಯದೇ. ಇಂಥ ನೆರವು ಪಡೆಯುವ ಪ್ರತಿ ಕಾರ್ಖಾನೆಯೂ ಒಂದು ಯೂನಿಟ್ ಸೆಲ್‌ಗೆ ಎಷ್ಟು ಯೂನಿಟ್ ಸುಟ್ಟಿತು, ಅದರಲ್ಲಿ ಕಲ್ಲಿದ್ದಲಿನ ಪಾಲೆಷ್ಟು ಅಂತ ವರ್ಷವರ್ಷ ಬಹಿರಂಗ ಮಾಡಲಿ. ನಮ್ಮ ತೆರಿಗೆ ದುಡ್ಡು ಅಲ್ವಾ? ಓವನ್ ಕೂರಿಸಿ ಆದ ಮೇಲೆ ಕಿತ್ತು ಬದಲಿಸಿ ಅಂದರೆ ಯಾರೂ ಒಪ್ಪುವುದಿಲ್ಲ. ಷರತ್ತು ಹಾಕುವುದಾದರೆ ಈಗಲೇ ಹಾಕಬೇಕು.