ಬೊಂಬೆ ಬೇರೆ, ಅಜ್ಜಿ ತೋಳು ಬೇರೆ

ನರ್ಸಿಂಗ್ ಮಕ್ಕಳು ಮೊದಲನೇ ಸಲ ವಾರ್ಡಿಗೆ ಹೋದಾಗ ರೋಗಿಗಳನ್ನ ನೋಡಿ ಹೆದರ್ತಾರೆ ಅಂತ ಲೇಖನದಲ್ಲಿ ಬರ್ದಿದೀರಿ, ಹೆದರಿಕೆ ನಿಜ, ಆದ್ರೆ ನಮಗಿದ್ದ ಭಯ ರೋಗಿಗಳದ್ದಲ್ಲ ಸ್ವಾಮಿ, ಹಿಂದೆ ನಿಂತಿರೋ ಸಿಸ್ಟರ್‌ದು! ಮಡಿಕೇರಿಲಿ ಸ್ಟೂಡೆಂಟಾಗಿ ನನ್ನ ಮೊದಲ ವಾರ್ಡ್ ಪೋಸ್ಟಿಂಗ್, ಜುಲೈ ಮಳೆ, ಯೂನಿಫಾರ್ಮ್ ಒಣಗದೆ ಇಸ್ತ್ರಿ ಪೆಟ್ಟಿಗೇಲೇ ಒಣಗಿಸಿ ಹಾಕ್ಕೊಂಡು ಹೋಗಿದ್ದೆ.

ಕಾಲೇಜ್ ಲ್ಯಾಬಲ್ಲಿ ಅಭ್ಯಾಸಕ್ಕಿಟ್ಟ ಬೊಂಬೆ ಮೇಲೆ ಎಲ್ಲಾ ಸರಿಯಾಗೇ ಮಾಡ್ತಿದ್ದೆ. ಇಲ್ಲಿ ಕಾಫಿ ತೋಟದ ಕೆಲಸದ ಅಜ್ಜಿ ಒಬ್ರು, ಕಡ್ಡಿ ತರ ತೋಳು, ಬಿಪಿ ಪಟ್ಟಿ ಸುತ್ತಿದ್ರೆ ಜಾರಿ ಮೊಣಕೈಗೆ ಬರ್ತಿತ್ತು. ಪಟ್ಟಿ ದೊಡ್ಡದಾದ್ರೆ ರೀಡಿಂಗ್ ಇರೋದಕ್ಕಿಂತ ಕಮ್ಮಿ ತೋರ್ಸತ್ತೆ ಅಂತ ಪರೀಕ್ಷೇಲಿ ಬರ್ದಿದ್ದೆ, ಆದ್ರೆ ಸಣ್ಣದು ಕೊಡಿ ಅಂತ ಕೇಳೋಕೆ ಬಾಯೇ ಬರ್ಲಿಲ್ಲ. ಸ್ಟೆತಸ್ಕೋಪಲ್ಲಿ ಏನೂ ಕೇಳಿಸದೆ ಸುಮ್ನೆ 120/80 ಅಂತ ಬರೆಯೋಕೆ ಪೆನ್ ತೆಗೆದೆ, ಅಷ್ಟರಲ್ಲಿ ಅಜ್ಜಿನೇ "ಕಿವಿದು ತಿರುಗಾ ಮುರುಗಾ ಹಾಕಿದೀಯ ನೋಡು ಮಗ, ಡಾಕ್ಟ್ರು ಹಂಗೆ ಹಾಕಲ್ಲ" ಅಂದ್ರು. ಇಡೀ ವಾರ್ಡು ನಗ್ತು, ಸಿಸ್ಟರ್ ಮಾತ್ರ ಎಲ್ಲರ ಮುಂದೆ ಹತ್ತು ನಿಮಿಷ ಬೈದ್ರು. ಅಷ್ಟು ಹೊತ್ತಲ್ಲಿ ಒಂದ್ಸಲ ತೋರಿಸಿಕೊಡ್ಬಹುದಿತ್ತು ಅಂತ ಈಗ್ಲೂ ಅನ್ಸತ್ತೆ.

ಕಲಿಸಿದ್ದು ಸೀನಿಯರ್ ಅಕ್ಕ ಒಬ್ರು. ಉಸಿರು ಎಣಿಸ್ತೀನಿ ಅಂತ ಹೇಳ್ಬೇಡ, ಹೇಳಿದ್ರೆ ಅವರ ಉಸಿರಾಟನೇ ಬದಲಾಗತ್ತೆ, ನಾಡಿ ಹಿಡಿದ ಕೈ ಬಿಡದೆ ಎದೆ ಏರಿಳಿಯೋದು ಪೂರ್ತಿ ಒಂದು ನಿಮಿಷ ನೋಡು ಅಂತ. ಇವತ್ತು ನನ್ನ ಹತ್ರ ಬರೋ ಸ್ಟೂಡೆಂಟ್ಸಿಗೂ ಅದನ್ನೇ ಹೇಳ್ಕೊಡ್ತೀನಿ, ಮತ್ತೆ ಸಣ್ಣ ಪಟ್ಟಿ ಎಲ್ಲಿದೆ ಅಂತ ಮೊದಲೇ ತೋರಿಸಿಬಿಡ್ತೀನಿ.